ಓಬಕ್ಕನ ತವರಿನ ಪಾನಾ

“ನನ್ನ ತವರು ಯಾವೂರಂತ ನಮ್ಮಪ್ಪನ ಪಾನಾನೇ ಹೇಳ್ತೈತೆ. ಪತ್ತೆ ಹಚ್ಚಿ ನನ್ನೋರನ್ನ ಕರೆಸ್ರಿ.”

ಓಬಕ್ಕ ಗಂಡನಿಗೆ ಆಡಿದ ಕಡೇ ಮಾತು ಅದು. ಆಡಿ ಕಣ್ಣು ಮುಚ್ಚಿದಳು. ಹೇಳಿದ್ದು ಯಾರಿಗೆ? ಬೊಮ್ಮಲಿಂಗನಿಗೆ! ಕಲ್ಲಿಗೆ ಹೇಳಿದ್ರೂ ಅರ್ಧ ಕೆಲಸ ಆಗಿರೋದು.

ಓಬಕ್ಕನ ಅಪ್ಪ ಲಾರಿ ಮೇಸ್ತ್ರಿ. ಎಲ್ಲಿಂದಲೋ ಒಬ್ಬನೇ ಬಂದೋನು, ತನ್ನೂರ ಹೆಸರು ಹೇಳದೇ ಸತ್ತ. ಉಳಿದದ್ದು ನಟ್ಟು ಬಿಚ್ಚೋ, ತುಕ್ಕು ಹಿಡಿದ ಒಂದು ಪಾನಾ. ಅವರಲ್ಲಿ ಹೆಂಗಸು ಸತ್ರೆ ಹನ್ನೊಂದನೇ ದಿನ ತವರಿನೋರು ಸೀರೆ ತಂದು ಎಡೆಗಿಡಬೇಕು. ಇಡದಿದ್ರೆ, ದಿಕ್ಕಿಲ್ಲದೋಳು ಹೋದ್ಲು ಅಂತಾರೆ ಜನ.

ಬೊಮ್ಮಲಿಂಗ ಪಾನಾನ ಮಣೆ ಮೇಲಿಟ್ಟ. ಎದುರಿಗೆ ಕೂತ. ದುಃಖಕ್ಕೆ ಕೂತಿದ್ದಾನೆ ಅಂದ್ಕೊಂಡಳು ಅವನವ್ವ. ಹತ್ತನೇ ದಿನ ಕೇಳಿದಳು.

“ಏನೋ ಮಾಡ್ತಿದ್ದೀಯ?”

“ಹೇಳ್ತೈತೆ ಅಂದಿದ್ಲು. ಇನ್ನೂ ಹೇಳಿಲ್ಲ.”

“ಕಬ್ಬಿಣ ಮಾತಾಡ್ತೈತೇನೋ ಕೋಣ! ಎಂಥದ್ದನ್ನ ಹೆತ್ತೆನೋ ಶಿವನೇ! ಗ್ಯಾರೇಜಿಗೆ ಹೋಗಿ ಮಸ್ತಾನ್ ಸಾಬ್ರಿಗೆ ತೋರಿಸು!”

ಹೋದ. ತೋರಿಸಿದ. ಬಂದ.

“ಏನಂದ್ರೋ?”

“ಏನಪ್ಪಾ ಇದು ಅಂದ್ರು. ಅಷ್ಟೊತ್ತಿಗೆ ತೋರಿಸಿದ್ದು ಆಗಿತ್ತು. ಬಂದೆ.”

“ನಿನ್ನ ತಲೇಲಿರೋದು ಸಗಣಿ! ಹೋಗಿ, ಅವರು ಹೇಳಿದಂಗೆ ಮಾಡು!”

ಹೋದ. ಸಾಬ್ರು ಲಾರಿ ಅಡಿ ಮಲಗಿ ನಟ್ಟು ಬಿಚ್ತಿದ್ರು. “ಸರಿಯಪ್ಪಾ ಆಚೆ, ಬೆಳಕು ಬಿಡು” ಅಂದ್ರು. ಸರಿದ. ಸರೀತಾ ಸರೀತಾ ಮನೆಗೇ ಬಂದ.

ಅವ್ವ ಹಣೆ ಹಣೆ ಚಚ್ಚಿಕೊಂಡಳು. “ಅರ್ಧಕ್ಕೇ ಬಂದೆಯಲ್ಲೋ ದಂಡಪಿಂಡ! ನಾಳೆಗೆ ಹನ್ನೊಂದು! ಈ ಸಲ ಹಿಡಿದ ಕೆಲಸ ಪೂರ್ತಿ ಮುಗಿಯೋ ತನಕ ಬಿಡಬೇಡ!”

ಮತ್ತೆ ಹೋದ. ಸಾಬ್ರು ಪಾನಾ ಇಸ್ಕೊಂಡು ತಿರುಗಿಸಿ ನೋಡಿದ್ರು.

“ಹಳೇ ಮೇಸ್ತ್ರಿಗಳು, ಸಾಮಾನು ಕಳುವಾಗಬಾರ್ದು ಅಂತ ಉಳೀಲಿ ಹೆಸರು, ಊರು ಕೊರೀತಿದ್ರು. ತುಕ್ಕಿನ ಅಡಿ ಇರ್ತೈತೆ. ಉಜ್ಜಪ್ಪ. ನಾ ಚಾ ಕುಡಿದು ಬರ್ತೀನಿ.”

ಉಜ್ಜಿದ. ಉಪ್ಪುಕಾಗದದಲ್ಲಿ ಉಜ್ಜಿದ. ಅರ ತಗೊಂಡು ಉಜ್ಜಿದ. ಸಾಲದು ಅಂತ ಸಾಣೆಗೆ ಹಿಡಿದ.

ಸಾಬ್ರು ಬರೋ ಹೊತ್ತಿಗೆ ಪಾನಾ ಕನ್ನಡಿ ಆಗಿತ್ತು.

“ಅಕ್ಷರ ಎಲ್ಲಪ್ಪಾ?”

“ಬಂದಿದ್ವು ಸಾಬ್ರೇ. ಎರಡು ಸಾಲು. ಅವೂ ಹೋಗೋ ತನಕ ಬಿಡಲಿಲ್ಲ.”

“ಓದಿದ್ಯಾ?”

“ಓದು ಅಂತ ನೀವು ಹೇಳಲಿಲ್ಲ.”

ಸಾಬ್ರು ಅಲ್ಲೇ ಟೈರಿನ ಮೇಲೆ ಕೂತುಬಿಟ್ರು.

ಮನೇಲಿ ಅವ್ವನಿಗೆ ಬೈಗುಳವೇ ಮುಗಿದು ಹೋಯ್ತು. “ಇನ್ನೆಲ್ಲಿ ತವರೋ! ಆ ಕಬ್ಬಿಣವೇ ಅವಳ ತವರು! ಅದನ್ನೇ ಕರ್ಕೊಂಡು ಬಾ, ಅದರ ಕೈಲೇ ಸೀರೆ ಇಡಿಸು!”

ಬೆಳಿಗ್ಗೆ ಎದ್ದ. ಅಂಗಡಿ ಬಾಗಿಲು ಬಡಿದು ಹಸಿರು ಸೀರೆ ತಂದ. ಬಸ್ಸು ನಿಲ್ಲೋ ಜಾಗಕ್ಕೆ ಹೋಗಿ ಪಾನಾಕ್ಕೆ ಸೀರೆ ಕಟ್ಟಿದ. ಎದೆಗೊತ್ತಿಕೊಂಡು ಮನೆಗೆ ಕರ್ಕೊಂಡು ಬಂದ. ಹೊಸ್ತಿಲ ಹೊರಗೆ ಇಳಿಸಿದ.

“ಬರ್ರಿ, ದೂರದಿಂದ ಬಂದೀರಿ” ಅಂದ. ಒಳಗೆ ಹೋಗಿ ಚೆಂಬು ನೀರು ತಂದ. ಬಂದೋರ ಕಾಲಿಗೆ ನೀರು ಕೊಡಬೇಕಲ್ಲ!

“ಅದಕ್ಕೆ ಕಾಲೆಲ್ಲಿ ಐತೋ!” ಅವ್ವ ಕೂಗಿದಳು.

ಬೊಮ್ಮಲಿಂಗ ಬಗ್ಗಿ ನೋಡಿದ. ತಿರುಗಿಸಿ ನೋಡಿದ. ಯಾವುದು ಕಾಲು, ಯಾವುದು ತಲೆ, ತಿಳೀಲಿಲ್ಲ.

ಎರಡೂ ತುದಿಗೆ ನೀರು ಹಾಕಿದ.