ಐದನೇ ಯಾಕೆ

ಹುಬ್ಬಳ್ಳಿಯ ಒಂದು ಕಂಪನಿ ಮಾಡಿಕೊಟ್ಟ ಬಸ್ ಟಿಕೆಟ್ ಸಾಫ್ಟ್‌ವೇರ್ ಒಂದೇ ಸೀಟನ್ನು ಇಬ್ಬರಿಗೆ ಮಾರಿತು. ಕಂಪನಿಗಳ ಕೆಲಸದ ಶಿಸ್ತು ನೋಡಿ ದರ್ಜೆ ಕೊಡುವ ಮೇಡಂ ಆಗಲೇ ಬಂದು ಕೂತಿದ್ದರು. "ಇದು ಹೇಗಾಯಿತು?" ಎಂದರು.

ಮ್ಯಾನೇಜರ್ ಚಿದಂಬರ್, ಟೆಸ್ಟಿಂಗ್ ಮಾಡುವ ನಾಗವೇಣಿಯ ಕಡೆ ಬೆರಳು ತೋರಿಸಿದರು. "ತಪ್ಪು ಈಕೀದು. ನಾಳೆಯಿಂದ ಈಕಿ ಬರೂದಿಲ್ಲ."

ನಾಗವೇಣಿ ಗೋಡೆ ನೋಡಿದಳು. ಅಲ್ಲಿ ಚಿದಂಬರ್ ತಾವೇ ಅಂಟಿಸಿದ ನಿಯಮವಿತ್ತು: 'ತಪ್ಪಾದಾಗ ಯಾರು ಎನ್ನಬೇಡಿ. ಐದು ಸಲ ಯಾಕೆ ಎನ್ನಿ.' ಹಾಗೆ ಕೇಳುತ್ತ ಹೋದರೆ ನಿಜವಾದ ಕಾರಣ ಸಿಗುತ್ತದೆ ಎಂದು ಅದರ ಅರ್ಥ.

"ನಿಯಮದ ಪ್ರಕಾರ ಕೇಳ್ತೀನ್ರಿ ಸರ್. ಸೀಟು ಇಬ್ಬರಿಗೆ ಯಾಕ ಹೋತ್ರಿ?"

ಮೇಡಂ ಪೆನ್ನು ಹಿಡಿದಿದ್ದರಿಂದ ಚಿದಂಬರ್ ಉತ್ತರಿಸಲೇಬೇಕಾಯಿತು. "ನೀ ಟೆಸ್ಟ್ ಮಾಡಲಿಲ್ಲ."

"ಯಾಕ ಮಾಡಲಿಲ್ರಿ?"

"ಟೈಮ್ ಇರಲಿಲ್ಲ."

"ಯಾಕ ಇರಲಿಲ್ರಿ?"

"ಸೋಮವಾರ ಕೊಡೂದನ್ನ ಹಿಂದಿನ ಶುಕ್ರವಾರನ ಕೊಡಬೇಕಾತು."

"ಯಾಕ್ರಿ?"

"ಗಿರಾಕಿಗೆ ಮಾತು ಕೊಟ್ಟಿದ್ದೆ."

"ನಮ್ಮನ್ನ ಕೇಳದ ಯಾಕ ಕೊಟ್ರಿ ಸರ್?"

ಚಿದಂಬರ್ ನೀರು ಕುಡಿದರು. ಲೋಟ ಖಾಲಿಯಾದ ಮೇಲೂ ಕುಡಿದರು.

"ತಪ್ಪಿನ ಬೇರು ಹುಡುಕುವ ಧೈರ್ಯ ಇಲ್ಲಿದೆ," ಎಂದು ಮೇಡಂ ಕಂಪನಿಗೆ ಮೇಲಿನ ದರ್ಜೆ ಕೊಟ್ಟರು. ಅವರು ಮೆಚ್ಚಿದವಳನ್ನು ತೆಗೆಯುವಂತಿರಲಿಲ್ಲ, ಹಾಗಾಗಿ ನಾಗವೇಣಿಯ ಕೆಲಸ ಉಳಿಯಿತು. ದರ್ಜೆ ಸಿಕ್ಕ ಖುಷಿಗೆ ತಂದ ಹಾರ ಮಾತ್ರ ಚಿದಂಬರ್ ಕೊರಳಿಗೆ ಬಿತ್ತು. ಅವಳೂ ಚಪ್ಪಾಳೆ ತಟ್ಟಿದಳು, ತಟ್ಟದಿದ್ದರೆ ಎದ್ದು ಕಾಣುತ್ತಿತ್ತು.

ಮರುದಿನ ಗೋಡೆಯ ಮೇಲೆ ನಿಯಮ ಸುಧಾರಿಸಿತ್ತು: 'ಯಾಕೆ ಎಂದು ನಾಲ್ಕು ಸಲ ಕೇಳಿದರೆ ಸಾಕು.'