ಜಾಂಬಣ್ಣನ ಕೆಂಪು ಕಾರು, ಕೆಂಚಕ್ಕನ ಗಿಡ್ಡ ಕಾರು

ಮಕ್ಕಳೇ, ಕರಿಗುಡ್ಡದ ಕಾಡಿನಲ್ಲಿ ಪ್ರಾಣಿಗಳು ಕಾರು ಓಡಿಸುತ್ತಿದ್ದವು. ಅದು ಹೇಗೆ ಸಾಧ್ಯ ಎಂದು ಮೂಗು ಮುರಿಯಬೇಡಿ. ಕತೆಯಲ್ಲಿ ಕರಡಿ ಮಾತಾಡಿದರೆ ಒಪ್ಪುವವರು, ಅದು ಕಾರು ಓಡಿಸಿದರೂ ಒಪ್ಪಲೇಬೇಕು.

ಗುಡ್ಡದ ನೆತ್ತಿಯಲ್ಲಿ ಪ್ರಾಣಿಗಳ ಊರು. ಗುಡ್ಡದ ಬುಡದಲ್ಲಿ ಒಂದು ಕೊಳ. ಕೊಳದ ದಡದಲ್ಲಿ ಆಮೆ ಪಂಡಿತರ ಮನೆ. ಇಡೀ ಕಾಡಿಗೆ ಅವರೊಬ್ಬರೇ ವೈದ್ಯರು. ಊರಿಗೂ ಕೊಳಕ್ಕೂ ನಡುವೆ ಒಂದೇ ರಸ್ತೆ, ಅದರಲ್ಲಿ ಏಳು ತಿರುವು.

ಊರಿನಲ್ಲಿ ಕರಡಿ ಜಾಂಬಣ್ಣನ ಕಾರೆಂದರೆ ಎಲ್ಲರಿಗೂ ಬೆರಗು. ಅದಕ್ಕೆ ಕಣ್ಣು ಕುಕ್ಕುವ ಕೆಂಪು ಬಣ್ಣ. ಹಿಂದೆ ಮಂಚದಷ್ಟು ಅಗಲದ ಒಂದು ರೆಕ್ಕೆ. ಸೈಲೆನ್ಸರಿಗೆ ಅವನೇ ಮೊಳೆಯಿಂದ ತೂತು ಹೊಡೆದಿದ್ದ. ಸ್ಟಾರ್ಟ್ ಮಾಡಿದರೆ ಮರದ ಮೇಲಿನ ಹಕ್ಕಿಗಳೆಲ್ಲ ಹಾರಿಹೋಗುತ್ತಿದ್ದವು. ಎರಡೂ ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ "ಸ್ಪೋರ್ಟ್ಸ್" ಎಂದು ಬರೆಸಿದ್ದ.

ಮುಂಗುಸಿ ಕೆಂಚಕ್ಕನಿಗೂ ಒಂದು ಕಾರಿತ್ತು. ಮಣ್ಣಿನ ಬಣ್ಣದ್ದು, ಎರಡೇ ಸೀಟಿನದು, ನೆಲಕ್ಕೆ ಅಂಟಿಕೊಂಡಂತೆ ಗಿಡ್ಡ. ಅವಳು ಬಿಡುವಾದಾಗಲೆಲ್ಲ ಅದರ ಅಡಿಯಲ್ಲಿ ಮಲಗಿ ಏನನ್ನೋ ಬಿಗಿ ಮಾಡುತ್ತಲೋ, ಬೇಡದ ತೂಕವನ್ನು ಬಿಚ್ಚಿ ಎಸೆಯುತ್ತಲೋ ಇರುತ್ತಿದ್ದಳು.

"ಕೆಂಚಕ್ಕ, ಇದು ಕಾರೋ, ಚಪ್ಪಲಿಯೋ?" ಎಂದು ಜಾಂಬಣ್ಣ ಒಮ್ಮೆ ಕೇಳಿದ.

"ಸ್ಪೋರ್ಟ್ಸ್ ಕಾರು," ಎಂದಳು ಕೆಂಚಕ್ಕ.

ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು.

"ನಗಬೇಡಿ," ಎಂದಳು ಅವಳು. "ತಿರುಗು ಅಂದರೆ ತಿರುಗಬೇಕು, ನಿಲ್ಲು ಅಂದರೆ ನಿಲ್ಲಬೇಕು. ಓಡಿಸುವವರ ಮಾತು ಕೇಳುವ ಕಾರೇ ಸ್ಪೋರ್ಟ್ಸ್ ಕಾರು."

"ನಿಲ್ಲೋದಕ್ಕೆ ಕಾರು ಯಾಕೆ ಬೇಕು?" ಎಂದಿತು ಮುಳ್ಳುಹಂದಿ. "ನಿಲ್ಲೋ ಕೆಲಸ ನಮ್ಮ ಎಮ್ಮೆಯೂ ಮಾಡುತ್ತೆ!"

ಕೆಂಚಕ್ಕ ಮತ್ತೆ ಕಾರಿನಡಿ ನುಸುಳಿದಳು. ವಾದ ಮಾಡುತ್ತ ಕೂರಲು ಅವಳಿಗೆ ಪುರುಸೊತ್ತಿರಲಿಲ್ಲ.

ಆಯುಧ ಪೂಜೆ ಬಂತು. ಎಲ್ಲರೂ ತಮ್ಮ ಕಾರು ತೊಳೆದು, ಕುಂಕುಮ ಹಚ್ಚಿ, ದೃಷ್ಟಿ ತೆಗೆದು ಬೂದುಗುಂಬಳಕಾಯಿ ಒಡೆದರು. ಜಾಂಬಣ್ಣ ಮಾತ್ರ ಒಡೆಯಲಿಲ್ಲ.

"ನನ್ನ ಕಾರಿನ ಮೇಲೆ ಕಾಡಿಗೆ ಕಾಡೇ ಕಣ್ಣು ಹಾಕುತ್ತೆ. ಒಂದು ದಿನ ದೃಷ್ಟಿ ತೆಗೆದರೆ ಸಾಕೇ? ಕುಂಬಳಕಾಯಿ ಕಾರಿನಲ್ಲೇ ಇರಲಿ, ವರ್ಷವಿಡೀ ಕಾಯಲಿ," ಎಂದು ಅದನ್ನು ತನ್ನ ಸೀಟಿನ ಕೆಳಗೆ ಇಟ್ಟುಕೊಂಡ. ಮುಂದೆ ಎರಡು ಕಡೆ ಕಟ್ಟಿದ ಬಾಳೆಕಂದನ್ನೂ ಬಿಚ್ಚಲಿಲ್ಲ. ಅಂದ ಹಾಳಾಗುತ್ತದಲ್ಲ!

ಪೂಜೆಯಾಗಿ ಮೂರು ದಿನಕ್ಕೆ ಊರಿನಲ್ಲಿ ಒಂದು ಅನಾಹುತವಾಯಿತು. ಕೋತಿ ಸಾತವ್ವನ ಕೂಸು ಪುಟ್ಟಿ ಆಡುತ್ತ ಆಡುತ್ತ ಯಾವುದೋ ವಿಷದ ಕಾಯಿ ತಿಂದುಬಿಟ್ಟಿತು. ಅದರ ಕಣ್ಣು ತೇಲಿತು, ಕೈಕಾಲು ತಣ್ಣಗಾಯಿತು. ಸಾತವ್ವ ಎದೆ ಬಡಿದುಕೊಂಡಳು.

ಕಾಗೆ ಹಾರಿಹೋಗಿ ಪಂಡಿತರಿಗೆ ಸುದ್ದಿ ಮುಟ್ಟಿಸಿ, ಅಷ್ಟೇ ಬೇಗ ಹಿಂದಿರುಗಿತು.

"ಪಂಡಿತರು ಕಷಾಯ ಕಾಯಿಸಿ ಇಟ್ಟಿರುತ್ತಾರಂತೆ. ಕೂಸನ್ನು ಅಲುಗಾಡಿಸಿದರೆ ವಿಷ ಏರುತ್ತದಂತೆ, ನಾಡಿ ನೋಡಿ ಅವರೇ ಇಲ್ಲಿ ಕುಡಿಸಬೇಕಂತೆ. ಈ ಬಂಡೆಯ ನೆರಳು ಆಲದ ಬುಡ ಮುಟ್ಟುವುದರೊಳಗೆ ಅವರು ಇಲ್ಲಿರಬೇಕು. ನಡೆದು ಬಂದರೆ ನಾಡಿದ್ದು ತಲುಪುತ್ತಾರಂತೆ!"

"ಜಿಂಕೆಯ ಬೆನ್ನ ಮೇಲೆ ಕೂರಿಸಿಕೊಂಡು ಬಂದರೆ?" ಎಂದಿತು ಮೊಲ.

"ಜಿಂಕೆ ನೆಗೆದರೆ ಕಷಾಯ ಚೆಲ್ಲುವುದಿಲ್ಲವೇ? ಕಾರೇ ಬೇಕು," ಎಂದಿತು ಕಾಗೆ.

"ನಾನು ಹೋಗಿ ಬರ್ತೀನಿ ಸಾತವ್ವ," ಎಂದು ಕೆಂಚಕ್ಕ ಮುಂದೆ ಬಂದಳು.

ಅಷ್ಟರಲ್ಲಿ ಜಾಂಬಣ್ಣನ ಕಾರು ಗುಡುಗಿತು. ಸಾತವ್ವ ಆ ಕೆಂಪು ಬಣ್ಣ ನೋಡಿದಳು, ಆ ಸದ್ದು ಕೇಳಿದಳು, ಬಾಗಿಲ ಮೇಲಿನ ಅಕ್ಷರ ಓದಿದಳು. ಪಾಪ, ಮಗು ಸಾಯುತ್ತಿರುವಾಗ ಯಾವ ತಾಯಿಗೆ ಯೋಚಿಸಲು ವ್ಯವಧಾನ ಇರುತ್ತದೆ?

"ಜಾಂಬಣ್ಣ, ನೀನೇ ಹೋಗಪ್ಪ! ಬೇಗ!"

ಜಾಂಬಣ್ಣ ಹೊರಟ. ಅವನ ಕಾರಿನ ಸದ್ದಿಗೆ ಗುಡ್ಡವೆಲ್ಲ ಮೊಳಗಿತು. ಮೊದಲ ತಿರುವು, ಎರಡನೇ ತಿರುವು. ಮೇಲಿದ್ದವರು ಸದ್ದಿನ ಮೇಲೇ ಲೆಕ್ಕ ಹಾಕುತ್ತಿದ್ದರು. ಆಮೇಲೆ ಸದ್ದು ತಟ್ಟನೆ ನಿಂತಿತು.

"ಕೊಳ ಮುಟ್ಟಿದ! ಎಂಥಾ ಕಾರು ನೋಡಿ!" ಎಂದು ಮುಳ್ಳುಹಂದಿ ಕುಣಿಯಿತು. ಸಾತವ್ವ ಆಕಾಶಕ್ಕೆ ಕೈ ಮುಗಿದಳು.

ಮೇಲೆ ಹಾರಿ ನೋಡಿದ ಕಾಗೆ ಮಾತ್ರ ಬೇರೆಯೇ ಸುದ್ದಿ ತಂದಿತು. "ಕೊಳವೂ ಇಲ್ಲ, ಗಿಳವೂ ಇಲ್ಲ! ಮೂರನೇ ತಿರುವಿನಲ್ಲಿ ಸೀಗೆ ಪೊದೆಯೊಳಗೆ ಬಿದ್ದಿದ್ದಾನೆ!"

ನಡೆದದ್ದಿಷ್ಟು. ಬಾಳೆಕಂದಿನ ಎಲೆ ಅಡ್ಡ ಬಂದು ಜಾಂಬಣ್ಣನಿಗೆ ತಿರುವು ಕಾಣಲಿಲ್ಲ. ಕಂಡಾಗ ಬ್ರೇಕು ತುಳಿದ. ಬ್ರೇಕು ಇಳಿಯಲಿಲ್ಲ. ಇಳಿಜಾರಿನಲ್ಲಿ ಕುಂಬಳಕಾಯಿ ಸೀಟಿನಡಿಯಿಂದ ಉರುಳಿ ಬಂದು ಬ್ರೇಕಿನ ಕೆಳಗೇ ಕೂತುಬಿಟ್ಟಿತ್ತು! ದೃಷ್ಟಿ ತಾಗದಿರಲಿ ಎಂದು ಇಟ್ಟ ಕಾಯಿಯೇ ಕಾರನ್ನು ಪೊದೆಗೆ ತಳ್ಳಿತು.

ಸಾತವ್ವ ಹುಚ್ಚಿಯಂತೆ ಕೆಂಚಕ್ಕನ ಮನೆ ಕಡೆ ಓಡಿದಳು. ಕೆಂಚಕ್ಕ ಅದಾಗಲೇ ಸ್ಟೀರಿಂಗ್ ಹಿಡಿದು ಕೂತಿದ್ದಳು. "ಬೇಡ ಅಂದೆಯಲ್ಲ ಸಾತವ್ವ" ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಗಿಡ್ಡ ಕಾರು ಸದ್ದಿಲ್ಲದೆ ತಿರುವಿನಲ್ಲಿ ಮರೆಯಾಯಿತು.

ಮೂರನೇ ತಿರುವಿನಲ್ಲಿ ಮೈತುಂಬ ಮುಳ್ಳು ಚುಚ್ಚಿಕೊಂಡ ಜಾಂಬಣ್ಣ ನಿಂತಿದ್ದ. "ನಾನು ಕೆಟ್ಟೆ ಕೆಂಚಕ್ಕ! ಕಾರು ನನ್ನ ಮಾತು ಕೇಳಲಿಲ್ಲ!" ಎಂದು ಕೂಗಿದ. ಕೆಂಚಕ್ಕ ಕೈ ಬೀಸಿ ಮುಂದೆ ಸಾಗಿದಳು.

ಕೊಳದ ದಡದಲ್ಲಿ ಆಮೆ ಪಂಡಿತರು ತೆಂಗಿನ ಚಿಪ್ಪಿನ ತುಂಬ ಕಷಾಯ ಹಿಡಿದು ಕಾಯುತ್ತಿದ್ದರು. ಕಾರು ನೋಡಿ ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ತಾಯೀ, ನೂರಿಪ್ಪತ್ತು ವರ್ಷದಲ್ಲಿ ನಾನು ಒಮ್ಮೆಯೂ ಅವಸರ ಮಾಡಿದವನಲ್ಲ."

"ಇವತ್ತೊಂದು ದಿನ ಮಾಡಿ ಪಂಡಿತರೇ," ಎಂದು ಕೆಂಚಕ್ಕ ಅವರನ್ನು ಎತ್ತಿ ಕೂರಿಸಿದಳು. ಪಂಡಿತರು ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡರು. ಕಷಾಯ ಹಿಡಿದ ಕೈಗಳಷ್ಟೇ ಹೊರಗಿದ್ದವು.

ಕೆಂಚಕ್ಕ ತಿರುವು ಬರುವ ಮೊದಲೇ ವೇಗ ಇಳಿಸುತ್ತಿದ್ದಳು, ತಿರುವು ಮುಗಿಯುತ್ತಿದ್ದಂತೆ ಏರಿಸುತ್ತಿದ್ದಳು. ಹಗುರವಾದ ಕಾರು ಅವಳ ಕೈ ಹೇಳಿದತ್ತ ಹೊರಳುತ್ತಿತ್ತು. ಎರಡು ತಿರುವು ಕಳೆಯಿತು. ಕಷಾಯ ಒಂದು ಹನಿಯೂ ಚೆಲ್ಲಲಿಲ್ಲ. ಮೂರನೆಯದು ಕಳೆಯುವಾಗ ಪಂಡಿತರು ಮೆಲ್ಲಗೆ ತಲೆ ಹೊರಗೆ ಹಾಕಿ, "ಅರೆ, ಗಾಳಿ ಚೆನ್ನಾಗಿದೆ!" ಎಂದರು. ಓಡುವ ಬಂಡಿಯಲ್ಲಿ ಆಮೆಯೊಂದು ತಲೆ ಹೊರಗೆ ಹಾಕಿದೆ ಎಂದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಇನ್ನೇನು ಬೇಕು ಹೇಳಿ!

ಇನ್ನೆರಡು ತಿರುವು ಏರಿದಾಗ ನಟ್ಟನಡುರಸ್ತೆಯಲ್ಲಿ ಜಾಂಬಣ್ಣನ ಕಾರಿನ ದೊಡ್ಡ ರೆಕ್ಕೆ ಬಿದ್ದಿತ್ತು; ಅವಳು ಇಳಿದುಹೋದ ಮೇಲೆ ಅದು ಪೊದೆಯಲ್ಲಿದ್ದ ಕಾರಿನಿಂದ ಕಿತ್ತು ಉರುಳಿ ಬಂದಿತ್ತು. ಕೆಂಚಕ್ಕ ಬ್ರೇಕು ಒತ್ತಿದಳು. ಕಾರು ರೆಕ್ಕೆಗೆ ಒಂದು ಗೇಣು ದೂರದಲ್ಲಿ ನಿಂತಿತು. ಕಷಾಯ ಚಿಪ್ಪಿನ ಅಂಚಿನವರೆಗೆ ತುಳುಕಿ ಬಂದು, ಹಾಗೇ ಹಿಂದೆ ಸರಿಯಿತು. ಪಂಡಿತರು ಉಸಿರು ಬಿಟ್ಟರು.

ಜಾಂಬಣ್ಣ ಪೊದೆಯ ಕಡೆಯಿಂದ ಓಡಿ ಬಂದ. ಅಷ್ಟು ಆಸೆಪಟ್ಟು ಹಾಕಿಸಿದ್ದ ರೆಕ್ಕೆಯನ್ನು ಎರಡೂ ಕೈಯಲ್ಲಿ ಎತ್ತಿ ಕಂದಕಕ್ಕೆ ಎಸೆದ. "ಹೋಗು ಕೆಂಚಕ್ಕ, ಹೋಗು! ನೆರಳು ಬರ್ತಾ ಇದೆ!"

ನೆರಳು ಆಲದ ಬುಡಕ್ಕೆ ಒಂದು ಮೊಳ ಇರುವಾಗ ಗಿಡ್ಡ ಕಾರು ಊರು ಸೇರಿತು. ಪಂಡಿತರು ಪುಟ್ಟಿಯ ನಾಡಿ ಹಿಡಿದರು, ಬಾಯಿ ತೆರೆಸಿದರು, ಗುಟುಕು ಗುಟುಕಾಗಿ ಕಷಾಯ ಇಳಿಸಿದರು. ಒಂದು ಗಳಿಗೆ ಏನೂ ಆಗಲಿಲ್ಲ.

ಆಮೇಲೆ ಪುಟ್ಟಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಪಂಡಿತರ ಮೇಲೇ ಕಾರಿಕೊಂಡಿತು. ಕಣ್ಣು ಬಿಟ್ಟಿತು. ಊರು ಹಾರಿಹೋಗುವ ಹಾಗೆ ಅಳತೊಡಗಿತು.

"ಅಳಲಿ, ಅಳಲಿ! ಇನ್ನು ಭಯವಿಲ್ಲ," ಎಂದರು ಪಂಡಿತರು ಮುಖ ಒರೆಸಿಕೊಳ್ಳುತ್ತ.

ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಸಾತವ್ವ ಮಗುವನ್ನು ಅವಚಿಕೊಂಡು ನಕ್ಕಳು, ಅತ್ತಳು, ಕೆಂಚಕ್ಕನ ಕೈ ಹಿಡಿದು ಮತ್ತೆ ಅತ್ತಳು. ಮುಳ್ಳುಹಂದಿ ಸಂತೋಷಕ್ಕೆ ಯಾರನ್ನಾದರೂ ಅಪ್ಪಿಕೊಳ್ಳಲು ನೋಡಿತು. ಎಲ್ಲರೂ ದೂರ ಸರಿದರು.

ಅಷ್ಟರಲ್ಲಿ ಜಾಂಬಣ್ಣ ಏದುಸಿರು ಬಿಡುತ್ತ ನಡೆದು ಬಂದ. ಮಗುವಿನ ಅಳು ಕೇಳಿ ಅಲ್ಲೇ ನೆಲದ ಮೇಲೆ ಕುಸಿದು ಕೂತ. "ಉಳೀತಲ್ಲ, ಸದ್ಯ ಉಳೀತಲ್ಲ," ಎಂದು ಬಿಕ್ಕಿದ. "ಸಾತವ್ವ, ಅದಕ್ಕೆ ಏನಾದರೂ ಆಗಿದ್ದರೆ ನಾನು ನಿನಗೆ ಮುಖ ತೋರಿಸುವ ಹಾಗಿರಲಿಲ್ಲ."

"ನಿನ್ನ ಮೇಲೆ ನನಗೆ ಸಿಟ್ಟಿದೆ ಜಾಂಬಣ್ಣ," ಎಂದಳು ಸಾತವ್ವ. "ನನ್ನ ಮೇಲೂ ಇದೆ. ಸದ್ದು ಕೇಳಿ ನಂಬಿದವಳು ನಾನೇ." ಹಾಗೆಂದವಳು ಮಗುವನ್ನು ಅವನ ತೊಡೆಯ ಮೇಲೆ ಕೂರಿಸಿದಳು. ಪುಟ್ಟಿ ಅಳು ನಿಲ್ಲಿಸಿ, ಅವನ ಮೂತಿಗೆ ಚುಚ್ಚಿದ್ದ ಮುಳ್ಳೊಂದನ್ನು ಕುತೂಹಲದಿಂದ ಕಿತ್ತಿತು.

"ಅಯ್ಯೋ!" ಎಂದ ಜಾಂಬಣ್ಣ. ಎಲ್ಲರೂ ನಕ್ಕರು. ಅವನೂ ನಕ್ಕ.

"ನಾಳೆ ಕಾರು ಎಳೆದು ತಾ, ಮೊದಲು ಬ್ರೇಕು ನೋಡೋಣ," ಎಂದಳು ಕೆಂಚಕ್ಕ.

"ಕೆಂಪು ಬಣ್ಣವನ್ನೂ ಕೆರೆದು ತೆಗೀಬೇಕಾ ಅಕ್ಕ?" ಎಂದು ಅವನು ಸಣ್ಣ ದನಿಯಲ್ಲಿ ಕೇಳಿದ.

"ಇರಲಿ ಬಿಡೋ," ಎಂದಳು ಕೆಂಚಕ್ಕ. "ಬಣ್ಣ ಪಾಪ ಏನು ತಪ್ಪು ಮಾಡಿತು?"

ನೀತಿ: ಸದ್ದು, ಸಿಂಗಾರ ಕಂಡು ಮರುಳಾಗಬೇಡಿ, ವೇಗವನ್ನು ಹತೋಟಿಯಲ್ಲಿ ಇಟ್ಟುಕೊಳ್ಳಬಲ್ಲವರೇ ಕಷ್ಟಕಾಲದಲ್ಲಿ ನೆರವಾಗುತ್ತಾರೆ.