ಎರಡು ಕಿಟಕಿ, ಒಂದು ನಾಟಕ

ಕಂಪ್ಯೂಟರಿನಲ್ಲಿ ಬರೆಯಲು, ತಿದ್ದಲು ಬಳಸುವ ಎಡಿಟರಿನ ಒಂದೇ ಟ್ಯಾಬಿನಲ್ಲಿ ಅಕ್ಕಪಕ್ಕ ತೆರೆದಿದ್ದ ಎರಡು ಕಿಟಕಿಗಳು ಜಗಳಕ್ಕೆ ಬಿದ್ದವು. ಎರಡರಲ್ಲೂ ಕಾಣುತ್ತಿದ್ದದ್ದು ಒಂದೇ ನಾಟಕ.

"ಅಸಲು ನನ್ನ ಹತ್ತಿರ ಇದೆ. ನಿನ್ನದು ಬರೀ ನಕಲು," ಎಂದಿತು ಎಡಗಡೆಯದು.

"ಹಾಗಾದರೆ ನನ್ನದನ್ನು ಅಳಿಸಿದರೆ ನಿನಗೇನೂ ನಷ್ಟವಿಲ್ಲವಲ್ಲ?" ಎಂದಿತು ಬಲಗಡೆಯದು.

"ಧಾರಾಳವಾಗಿ ಅಳಿಸಿಕೊ ಮಾರಾಯ."

ಪರದೆಯ ಮೇಲೆ ತಾನು ಕಾಣದೆ, ನಾಟಕದ ಅಕ್ಷರಗಳನ್ನೆಲ್ಲ ನೆನಪಿನಲ್ಲಿ ಹೊತ್ತಿದ್ದ ಬಫರ್ ಒಳಗಿನಿಂದ ದಣಿದ ದನಿಯಲ್ಲಿ ಹೇಳಿತು: "ಬೇಡ್ರಪ್ಪಾ. ನಾಟಕ ಇರುವುದು ನನ್ನಲ್ಲಿ, ಒಂದೇ ಒಂದು. ನೀವಿಬ್ಬರೂ ತೋರಿಸುತ್ತಿರುವುದು ಅದನ್ನೇ. ಎಷ್ಟು ಸಲ ಹೇಳಲಿ?"

"ಮುಖವೇ ಇಲ್ಲದವನಿಗೆ ಮಾತು ಬೇರೆ!" ಎಂದು ಕಿಟಕಿಗಳೆರಡೂ ನಕ್ಕವು.

ಬಲಗಡೆಯ ಕಿಟಕಿ ನಾಟಕವನ್ನು ಪೂರ್ತಿ ಅಳಿಸಿತು. ಹಟಕ್ಕೆ ಬಿದ್ದು ಸೇವ್ ಕೂಡ ಮಾಡಿ, ಎಡಿಟರನ್ನೇ ಮುಚ್ಚಿತು.

ಮತ್ತೆ ತೆರೆದಾಗ ಎಡಗಡೆಯ ಕಿಟಕಿಯಲ್ಲೂ ಒಂದಕ್ಷರ ಇರಲಿಲ್ಲ.